ನೆರವಿನ ಯೋಜನೆಗೆ ಪರಿಸರವನ್ನು ಸೇರಿಸುವುದು ಹೇಗೆ?

ವಿದೇಶಿ ನೆರವಿನ ಯೋಜನೆಗಳಲ್ಲಿ ಪರಿಸರದ ಬಗ್ಗೆ ಒಂದು ಅಧ್ಯಾಯ ಇದ್ದೇ ಇರುತ್ತದೆ. ಬಹಳ ಸಲ ಅದು ಕೊನೆಯದು. ‘ಗಿಡ ನೆಡಲಾಗುವುದು’ ಎಂದು ಬರೆದರೆ ಮುಗಿಯಿತು. ಅಷ್ಟರಲ್ಲಿ ಜಾಗ, ನಕ್ಷೆ, ಹಣ ಎಲ್ಲ ನಿಗದಿಯಾಗಿರುತ್ತದೆ. ಆ ಮಾತು ಬರಬೇಕಾದದ್ದು ನಕ್ಷೆ ಬರೆಯುವ ಮೊದಲು. ಪಂಚಾಯಿತಿ ಸದಸ್ಯರು, ಸಂಘ-ಸಂಸ್ಥೆಗಳವರು ಇದನ್ನು ಹೀಗೆ ಮಾಡಬಹುದು.

1. ಆ ಜಾಗದಿಂದ ಯಾರ ಒಲೆ ಉರಿಯುತ್ತದೆ, ನೋಡಿ

ಉತ್ತರ ಕನ್ನಡ ಜಿಲ್ಲೆಯ ಕುಮಟಾದ ಅಘನಾಶಿನಿ ಅಳಿವೆಯಲ್ಲಿ ಗಜನಿಗೆ, ಅಂದರೆ ಉಬ್ಬರದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗೆ, ಒಡ್ಡು ಕಟ್ಟಲು ನೆರವು ಬರುತ್ತದೆ ಎಂದುಕೊಳ್ಳಿ. ಎಂಜಿನಿಯರ್ ಕಣ್ಣಿಗೆ ಅದು ಉಪ್ಪುನೀರು ತಡೆಯುವ ಕೆಲಸ. ಆದರೆ ಗಜನಿ ಉಳಿದಿರುವುದೇ ಉಪ್ಪುನೀರು ಬಂದು ಹೋಗುವುದರಿಂದ. ಮಳೆಗಾಲದಲ್ಲಿ ಉಪ್ಪು ತಾಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಉಬ್ಬರದ ನೀರು ಬಿಟ್ಟರೆ ಸಿಗಡಿ, ಮೀನು. ಗದ್ದೆಯಲ್ಲಿ ಉಳಿದ ಕೂಳೆಯೇ ಅವಕ್ಕೆ ಮೇವು. ಒಡ್ಡಿನಾಚೆ ಚಿಪ್ಪಿಕಲ್ಲು ಹೆಕ್ಕುವವರಿದ್ದಾರೆ, ಸಾಣಿಕಟ್ಟಾದಲ್ಲಿ ಉಪ್ಪಿನ ಆಗರವಿದೆ.

ತೂಬು ಎಷ್ಟು ಅಗಲ? ಯಾವಾಗ ತೆರೆಯಬೇಕು? ಕೀಲಿ ಯಾರ ಕೈಲಿ? ದಪ್ಪ ವರದಿಗಿಂತ ಈ ಮೂರು ಪ್ರಶ್ನೆ ಮುಖ್ಯ. ರೈತರು, ಬಲೆ ಹಾಕುವವರು, ಚಿಪ್ಪಿಕಲ್ಲು ಹೆಕ್ಕುವ ಹೆಂಗಸರು ಇವರನ್ನು ಬೇರೆ ಬೇರೆಯಾಗಿ ಕೂರಿಸಿ ಕೇಳಿ. ಒಟ್ಟಿಗೆ ಕೂರಿಸಿದರೆ ಜಮೀನಿದ್ದವರ ದನಿಯೇ ಜಾಸ್ತಿ, ಅಲ್ವಾ? ಸಭೆಯನ್ನು ಇಳಿತದ ಹೊತ್ತಿಗೆ ಇಡಬೇಡಿ. ಚಿಪ್ಪಿಕಲ್ಲಿನವರು ಆಗ ನೀರಿನಲ್ಲಿರುತ್ತಾರೆ.

ಈ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಸೇರಿದೆ. ಅರ್ಜಿಯಲ್ಲಿ ಅದನ್ನೂ ಬರೆಯಿರಿ.

2. ಇನ್ನೊಂದು ದಾರಿಯನ್ನೂ ಬರೆಸಿ

ಹಳೆಯ ಮಣ್ಣಿನ ಒಡ್ಡನ್ನೇ ರಿಪೇರಿ ಮಾಡಿದರೆ ಎಷ್ಟು ಖರ್ಚು? ಏನೂ ಮಾಡದಿದ್ದರೆ ಏನಾಗುತ್ತದೆ? ಎರಡೂ ಕಾಗದದ ಮೇಲಿರಲಿ.

3. ಹಣ ಕೊಡುವವರ ನಿಯಮ ಓದಿ

ವಿಶ್ವಬ್ಯಾಂಕಿನಲ್ಲಿ 2018ರ ಅಕ್ಟೋಬರ್‌ನಿಂದ ಪರಿಸರ ಮತ್ತು ಜನಜೀವನಕ್ಕೆ ಸಂಬಂಧಿಸಿದ 10 ಮಾನದಂಡಗಳು ಜಾರಿಯಲ್ಲಿವೆ. ಯೋಜನೆಯ ಅಪಾಯವನ್ನು 4 ಹಂತದಲ್ಲಿ ಗುರುತಿಸುತ್ತಾರೆ. ನಿಮ್ಮದು ಯಾವ ಹಂತ ಎಂದು ಮೊದಲೇ ಕೇಳಿ.

ಇಂಥ ನಿಯಮಗಳು ಸುಮ್ನೆ ಬಂದದ್ದಲ್ಲ. ನರ್ಮದೆಯ ಸರ್ದಾರ್ ಸರೋವರ ಅಣೆಕಟ್ಟಿಗೆ ಬ್ಯಾಂಕು 1985ರಲ್ಲಿ ಸಾಲ ಕೊಟ್ಟಿತು. ಜನ ಹೋರಾಡಿದರು. 1992ರಲ್ಲಿ ಬ್ಯಾಂಕೇ ನೇಮಿಸಿದ್ದ ಸ್ವತಂತ್ರ ಮೋರ್ಸ್ ಸಮಿತಿ ಬ್ಯಾಂಕಿನ ತಪ್ಪುಗಳನ್ನು ಬಿಚ್ಚಿಟ್ಟಿತು. ಮರುವರ್ಷ ಭಾರತ ಉಳಿದ ಸಾಲ ಬೇಡ ಎಂದಿತು.

ನಾವು ಈಗ ಬರೀ ಪಡೆಯುವವರಲ್ಲ. ಸರ್ಕಾರದ ರಫ್ತು-ಆಮದು ಬ್ಯಾಂಕಾದ ಎಕ್ಸಿಮ್ ಬ್ಯಾಂಕ್ ಮೂಲಕ ಸೆನೆಗಲ್‌ನಂಥ ದೇಶಗಳಿಗೆ ಭಾರತವೂ ಸಾಲ ಕೊಡುತ್ತದೆ. ಅಲ್ಲಿನ ಅಳಿವೆಗಳಲ್ಲೂ ಹೆಂಗಸರು ಚಿಪ್ಪು ಹೆಕ್ಕುತ್ತಾರೆ. ಅವರನ್ನು ಕೇಳುವ ಜವಾಬ್ದಾರಿ ನಮ್ಮದೂ ಹೌದು.

4. ಏನನ್ನು ಎಣಿಸಬೇಕು ಎಂದು ತೀರ್ಮಾನಿಸಿ

1990ರ ದಶಕದಲ್ಲಿ ಬ್ರಿಟನ್ ನೆರವಿನ ಪಶ್ಚಿಮಘಟ್ಟ ಅರಣ್ಯ ಯೋಜನೆ ನಮ್ಮ ಜಿಲ್ಲೆಗೆ ಬಂತು. ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ಊರವರನ್ನು ಕಾಡಿನ ಕೆಲಸಕ್ಕೆ ಸೇರಿಸಿಕೊಂಡದ್ದು ದೊಡ್ಡ ಮಾತೇ. ಆದರೆ ನೆಡುತೋಪುಗಳಲ್ಲಿ ಅಕೇಶಿಯಾ ಜಾಸ್ತಿಯಾಯಿತು. ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ. ನೆಟ್ಟ ಎಕರೆ ಎಣಿಸಿದರೆ ಅದು ಗೆಲುವೇ. ಶಿರಸಿಯ ಅಡಿಕೆ ತೋಟಕ್ಕೆ ಸೊಪ್ಪು ಸಿಕ್ಕಿತೇ, ಕೊಟ್ಟಿಗೆಗೆ ಮೇವು ಬಂತೇ, ಮುರುಗಲು, ಉಪ್ಪಾಗೆಯಂಥ ಕಾಡಿನ ಹಣ್ಣಿನ ಮರಗಳು ಉಳಿದವೇ ಎಂದು ಎಣಿಸಿದರೆ ಲೆಕ್ಕವೇ ಬೇರೆ. ಹಾಗಾಗಿ ಅಳತೆಗೋಲನ್ನು ಒಪ್ಪಂದದಲ್ಲೇ ಬರೆಸಿ. ಯೋಜನೆ ಮುಗಿದ ಮೇಲಿನ ನಿರ್ವಹಣೆಗೂ ಬಜೆಟ್‌ನಲ್ಲಿ ಹಣ ಇಡಿಸಿ.

5. ದೂರಿನ ದಾರಿ ತಿಳಿದಿರಲಿ

ಮೊದಲು ಯೋಜನೆಯ ಕಚೇರಿಗೆ, ಆಮೇಲೆ ಬ್ಯಾಂಕಿನ ಅಧಿಕಾರಿಗಳಿಗೆ ಬರೆಯಿರಿ. ಸರಿಯಾದ ಉತ್ತರ ಬರದಿದ್ದರೆ ವಿಶ್ವಬ್ಯಾಂಕಿನ ತಪಾಸಣಾ ಮಂಡಳಿ ಇದೆ, 1993ರಲ್ಲಿ ಶುರುವಾದದ್ದು. ತೊಂದರೆಗೊಳಗಾದವರು ಇಬ್ಬರಿದ್ದರೂ ಸಾಕು. ಹೆಸರು ಗುಟ್ಟಾಗಿಡಿ ಎಂದು ಕೇಳಬಹುದು. ಕನ್ನಡದಲ್ಲೇ ಬರೆದರೂ ನಡೆಯುತ್ತದೆ.