ಕಲಿತದ್ದು ನಾಲ್ಕು ಜನಕ್ಕೆ ಆಗೋದು ಹೇಗೆ?

ಘಟಿಕೋತ್ಸವದ ದಿನ ವೇದಿಕೆಯಿಂದ ಮಾತಾಡಿದವರೆಲ್ಲ ಹೇಳಿದ್ದು ಒಂದೇ: ‘ಕಲಿತದ್ದನ್ನು ಸಮಾಜಕ್ಕೆ ಕೊಡಿ.’ ಗೌನು ವಾಪಸ್ ಕೊಟ್ಟು, ಫಾರ್ಮಸಿ ಪದವಿಯ ಪತ್ರ ಹಿಡಿದು ಹೊರಗೆ ಬಂದಾಗ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಸರಿ, ಕೊಡೋದು ಹೇಗೆ? ಸೋಮವಾರ ಬೆಳಿಗ್ಗೆ ಎದ್ದು ಯಾರ ಹತ್ತಿರ ಹೋಗಬೇಕು? ಹನ್ನೊಂದು ವರ್ಷ ಕಳೆದಿದೆ. ತಪ್ಪುತ್ತಾ ಒಪ್ಪುತ್ತಾ ನಾನು ಕಂಡುಕೊಂಡದ್ದನ್ನು ಈಗಷ್ಟೇ ಓದು ಮುಗಿಸಿದವರಿಗಾಗಿ ಬರೆಯುತ್ತಿದ್ದೇನೆ.

ಪದವಿ ಅನ್ನುವ ಪದಕ್ಕೆ ಸಂಸ್ಕೃತದಲ್ಲಿ ದಾರಿ ಅನ್ನುವ ಅರ್ಥವೂ ಇದೆ. ನಾವು ಸ್ಥಾನಮಾನದ ಅರ್ಥವನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೇವೆ. ನನಗೆ ದಾರಿ ಅನ್ನೋದೇ ಇಷ್ಟ. ದಾರಿ ಅಂದಮೇಲೆ ಅದು ಯಾರದ್ದಾದರೂ ಮನೆ ಮುಟ್ಟಬೇಕು, ಅಲ್ವಾ?

ಮೊದಲು, ಗಾಬರಿ ಬೇಡ. ಪದವಿ ಸಿಕ್ಕ ವಾರವೇ ದಾರಿ ಕಾಣದಿದ್ದರೆ ಏನೂ ಮುಳುಗಿಹೋಗುವುದಿಲ್ಲ. ಅಮೆರಿಕದ ಸಮಾಜ ಸೇವಕಿ ಜೇನ್ ಆಡಮ್ಸ್ 1881ರಲ್ಲಿ ಓದು ಮುಗಿಸಿದರು. ವೈದ್ಯಕೀಯ ಓದಲು ಹೋಗಿ, ಆರೋಗ್ಯ ಕೆಟ್ಟು ಬಿಟ್ಟರು. ಏನು ಮಾಡಬೇಕೆಂದು ತಿಳಿಯದೆ ವರ್ಷಗಟ್ಟಲೆ ಒದ್ದಾಡಿದರು. ವಿಶ್ವವಿದ್ಯಾಲಯದ ಹುಡುಗರು ಬಡವರ ಕೇರಿಯಲ್ಲೇ ಬಂದು ನೆಲೆಸುತ್ತಿದ್ದ ಲಂಡನ್ನಿನ ಟಾಯ್ನ್‌ಬಿ ಹಾಲ್ ನೋಡಿದ ಮೇಲೆ ಅವರಿಗೊಂದು ಹಾದಿ ಕಂಡಿತು. 1889ರಲ್ಲಿ ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಶಿಕಾಗೋದ ವಲಸಿಗರ ಬಡಾವಣೆಯಲ್ಲಿ ಅಂಥದ್ದೇ ಒಂದು ನೆಲೆ, ಹಲ್ ಹೌಸ್ ತೆರೆದರು. ಅಂದರೆ ಓದು ಮುಗಿದು ಎಂಟು ವರ್ಷದ ಮೇಲೆ.

ಅಲ್ಲಿ ನೆರೆಹೊರೆಯವರು ಅವರನ್ನು ಕೇಳಿದ್ದೇನು ಗೊತ್ತಾ? ಹುಟ್ಟಿದ ಮಗುವಿಗೆ ಸ್ನಾನ ಮಾಡಿಸಿ, ಕಾಯಿಲೆಯವರನ್ನು ನೋಡಿಕೊಳ್ಳಿ, ಮಕ್ಕಳನ್ನು ಸ್ವಲ್ಪ ಹೊತ್ತು ಹಿಡಿದುಕೊಳ್ಳಿ. ಅವರು ಮಾಡಿದರು. 1895ರಲ್ಲಿ ಆ ವಾರ್ಡಿನ ಕಸ ವಿಲೇವಾರಿಯ ಇನ್‌ಸ್ಪೆಕ್ಟರ್ ಆಗಿ ಬೆಳಗಿನ ಜಾವವೇ ಕಸದ ಗಾಡಿಗಳ ಹಿಂದೆ ಹೋದರು. 1931ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಆ ಕಸದ ಗಾಡಿ.

ಈಗ ಕೆಲಸಕ್ಕೆ ಬರೋಣ. ಒಂದು ಹಾಳೆ ತಗೊಳ್ಳಿ. ಒಂದು ಕಡೆ, ಓದಿನಿಂದಾಗಿ ನಿಮಗೆ ಸಲೀಸಾಗಿ ಬರುವ ಕೆಲಸಗಳನ್ನು ಬರೆಯಿರಿ. ‘ಅರ್ಥಶಾಸ್ತ್ರ’ ಅಂತ ಬರೆದರೆ ಆಗುವುದಿಲ್ಲ, ‘ಸಾಲದ ಪತ್ರ ಓದಿ ಬಡ್ಡಿ ಲೆಕ್ಕ ಹಾಕುವುದು’ ಅಂತ ಬರೆಯಬೇಕು. ಇನ್ನೊಂದು ಕಡೆ, ಅದೇ ಜಾಗದಲ್ಲಿ ತಡವರಿಸುವ ನಿಮ್ಮ ಪರಿಚಯದವರು. ವಾಣಿಜ್ಯ ಓದಿದವರಿಗೆ ಗೊತ್ತು: ಮೂರು ವರ್ಷದ ಸಾಲಕ್ಕೆ ಫ್ಲಾಟ್ ದರದಲ್ಲಿ (ಕೊನೆಯವರೆಗೂ ಮೊದಲು ಪಡೆದ ಪೂರ್ತಿ ಸಾಲದ ಮೇಲೇ ಬಡ್ಡಿ) ಶೇ. 10 ಅಂದರೆ, ತಿಂಗಳ ಕಂತಿನಲ್ಲಿ ಇಳಿಯುತ್ತಾ ಹೋಗುವ ಬಾಕಿಯ ಲೆಕ್ಕದಲ್ಲಿ ಅದು ಸುಮಾರು ಶೇ. 18. ಸಹಿ ಹಾಕುವವರಿಗೆ ಅದು ಗೊತ್ತಿರುವುದಿಲ್ಲ. ಭಾಷೆ ಓದಿದವರು ಒಂದು ಅರ್ಜಿಯನ್ನು ಹತ್ತೇ ಸಾಲಿನಲ್ಲಿ ನೆಟ್ಟಗೆ ಬರೆದುಕೊಡಬಹುದು. ಇಷ್ಟು ಸಣ್ಣದಾದರೂ ಸಾಕು. ಇನ್ನೂ ಹೇಳಬೇಕೆಂದರೆ, ಸಣ್ಣದಾಗಿದ್ದಷ್ಟೂ ಒಳ್ಳೆಯದು.

ಎರಡನೆಯದು, ಮೇಜಿನ ಆಚೆ ಕೂತವರು ಏನು ಕೇಳುತ್ತಾರೆ ಅನ್ನುವುದರ ಮೇಲೆ ಕೆಲಸ ಕಟ್ಟಿ. ನಾನು ಮೊದಲು ಮಾಡಿದ್ದು ಭಾಷಣ. ಹಿರಿಯರು ಹಗಲು ಹೊತ್ತು ಸೇರುವ ಕೇಂದ್ರವೊಂದರಲ್ಲಿ ‘ಔಷಧಿಗಳ ಸರಿಯಾದ ಬಳಕೆ’ ಅಂತ ಮುಕ್ಕಾಲು ಗಂಟೆ ಮಾತಾಡಿದೆ. ಚಪ್ಪಾಳೆ ತಟ್ಟಿದರು. ಎಲ್ಲ ಎದ್ದು ಹೋದ ಮೇಲೆ ಒಬ್ಬರು ಅಜ್ಜಿ ಹತ್ತಿರ ಬಂದು, ಸೆರಗಿನ ಗಂಟಿನಿಂದ ಅರ್ಧ ಖಾಲಿಯಾದ ಸ್ಟ್ರಿಪ್ ತೆಗೆದು, ‘ಇದು ಯಾವುದಕ್ಕೆ ಕೊಟ್ಟಿದ್ದು ನೋಡಮ್ಮ?’ ಅಂದರು. ನನ್ನ ಕೆಲಸ ಅದು, ಭಾಷಣ ಅಲ್ಲ ಅಂತ ಆಗ ತಿಳಿಯಿತು.

ಮುಂದಿನ ಭಾನುವಾರದಿಂದ ಹೇಳಿದ್ದು ಒಂದೇ ಮಾತು: ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ಒಬ್ಬರು ತಾತ ಚೀಲವನ್ನು ಮೇಜಿನ ಮೇಲೆ ಸುರಿದರು. ಎರಡು ಸ್ಟ್ರಿಪ್ ಬೇರೆ ಬೇರೆ ಬಣ್ಣ, ಬೇರೆ ಬೇರೆ ಹೆಸರು. ಒಂದು ಜ್ವರಕ್ಕೆ, ಒಂದು ಮಂಡಿ ನೋವಿಗೆ ಅಂದರು. ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಿದೆ. ಎರಡರಲ್ಲೂ ಪ್ಯಾರಾಸಿಟಮಾಲ್ 650 ಮಿ.ಗ್ರಾಂ. ಎರಡನ್ನೂ ದಿನಕ್ಕೆ ಮೂರು ಸಲ ತಗೊಳ್ಳುತ್ತಿದ್ದರು. ಜೊತೆಗೆ ನೆಗಡಿಯ ಮಾತ್ರೆ ದಿನಕ್ಕೆರಡು, ಅದರಲ್ಲೂ 500 ಇತ್ತು. ಕೂಡಿದರೆ 4,900 ಮಿ.ಗ್ರಾಂ. ದೊಡ್ಡವರಿಗೆ ದಿನಕ್ಕೆ 4,000 ದಾಟಬಾರದು, ದಾಟಿದರೆ ಯಕೃತ್ತಿಗೆ ಪೆಟ್ಟು. ತಾತ ಯಾವ ತಪ್ಪೂ ಮಾಡಿರಲಿಲ್ಲ, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ್ದರು. ಮೂರೂ ಚೀಟಿಯನ್ನು ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ, ಅಷ್ಟೇ. ಅಲ್ಲಿಂದಲೇ ಅವರ ಡಾಕ್ಟರಿಗೆ ಫೋನ್ ಮಾಡಿದೆವು. ಅವತ್ತೇ ಕರೆಸಿಕೊಂಡು ರಕ್ತ ಪರೀಕ್ಷೆ ಮಾಡಿಸಿದರು.

ಮೂರನೆಯ ಮಾತು ಹೇಳಲು ಈಗಲೂ ಕಷ್ಟ ಆಗುತ್ತದೆ. ನಿಮ್ಮ ಓದು ಎಲ್ಲಿಗೆ ನಿಲ್ಲುತ್ತದೆ ಅಂತ ಮೊದಲೇ ಗೆರೆ ಹಾಕಿಕೊಳ್ಳಿ. ಎರಡನೇ ವರ್ಷ ಒಬ್ಬರು ಹೆಂಗಸಿನ ಚೀಲದಲ್ಲಿ ಬಿಪಿಗೆ ಕೊಡುವ ಪ್ರೊಪ್ರನಲಾಲ್ ಮಾತ್ರೆ ಇತ್ತು. ಬಿಪಿ ಇದೆಯಾ ಅಂದೆ. ಇಲ್ಲ ಅಂದರು. ‘ಹಾಗಾದರೆ ಇದು ಬೇಕಾಗಿಲ್ಲವೇನೋ’ ಅಂತ ಸುಮ್ನೆ ಬಾಯಿಂದ ಬಂತು. ಮಾತ್ರೆ ನಿಲ್ಲಿಸಿಯೇಬಿಟ್ಟರು. ಎರಡು ವಾರ ಬಿಟ್ಟು ಬಂದಾಗ ಅವರ ಕೈಯಲ್ಲಿ ನೀರಿನ ಲೋಟ ನಿಲ್ಲುತ್ತಿರಲಿಲ್ಲ. ಕೈ ನಡುಕಕ್ಕೂ ಅದೇ ಮಾತ್ರೆ ಕೊಡುತ್ತಾರೆ, ಅದನ್ನು ಥಟ್ಟನೆ ನಿಲ್ಲಿಸುವುದು ಹೃದಯಕ್ಕೂ ಒಳ್ಳೆಯದಲ್ಲ. ಪುಸ್ತಕದಲ್ಲಿ ಓದಿದ್ದೆ. ಕೇಳಬೇಕಾದ್ದನ್ನು ಕೇಳಿರಲಿಲ್ಲ. ಅವರ ಜೊತೆ ನಾನೇ ಡಾಕ್ಟರ ಹತ್ತಿರ ಹೋಗಿ, ನಾನು ಹೇಳಿದ್ದರಿಂದಲೇ ಹೀಗಾಯಿತು ಅಂತ ಹೇಳಿದೆ.

ಅಂದಿನಿಂದ ನನ್ನ ಮೊದಲ ಪ್ರಶ್ನೆ ‘ಇದನ್ನು ನಿಮಗೆ ಯಾಕೆ ಕೊಟ್ಟರು?’ ನಿಲ್ಲಿಸಿ, ಬದಲಾಯಿಸಿ ಅಂತ ನಾನು ಹೇಳುವುದಿಲ್ಲ. ಅನುಮಾನ ಬಂದರೆ ಡಾಕ್ಟರಿಗೆ ತೋರಿಸಲು ಚೀಟಿ ಬರೆಯುತ್ತೇನೆ, ಅವಸರದ್ದಾದರೆ ಫೋನ್. ಕಾನೂನು ಓದಿದವರಿಗೂ ಎಂಜಿನಿಯರಿಗೂ ಇಂಥದ್ದೊಂದು ಗೆರೆ ಇರಲೇಬೇಕು. ಗೋಡೆಯ ಬಿರುಕು ನೋಡಿ ‘ಏನೂ ಆಗಲ್ಲ ಬಿಡಿ’ ಅಂದುಬಿಡುವುದು ಸುಲಭ. ಆ ಗೋಡೆಯ ಕೆಳಗೆ ಮಲಗುವವರು ನಿಮ್ಮನ್ನು ಕೇಳಿದವರು.

ಸಮಯದ ವಿಷಯ ಚುಟುಕಾಗಿ ಹೇಳುತ್ತೇನೆ. ಕಡಿಮೆ ಒಪ್ಪಿಕೊಳ್ಳಿ, ಒಪ್ಪಿದ್ದನ್ನು ತಪ್ಪಿಸಬೇಡಿ. ನನ್ನದು ಎರಡು ವಾರಕ್ಕೊಮ್ಮೆ, ಎರಡು ಗಂಟೆ. ಕೆಲಸ ಬಿಡಬೇಕಿಲ್ಲ. ಸಂಬಳದ ಕೆಲಸದಲ್ಲಿ ಕಲಿತದ್ದೇ ಆ ಮೇಜಿಗೂ ಬರುತ್ತದೆ. ದುಡ್ಡು ತಗೊಳ್ಳಬೇಡಿ, ಯಾವ ಅಂಗಡಿಯ ಹೆಸರನ್ನೂ ಹೇಳಬೇಡಿ. ಕೇಳಿಸಿಕೊಂಡ ಕಾಯಿಲೆ, ಸಾಲ, ಜಗಳ ಯಾವುದೂ ಆ ಕೋಣೆ ದಾಟಬಾರದು.

ಕೊನೆಯದಾಗಿ, ನೀವು ಇಲ್ಲದಿದ್ದರೂ ಆ ಮೇಜು ಖಾಲಿ ಬೀಳಬಾರದು. ಒಂದು ನೋಟ್‌ಬುಕ್ ಇಡಿ. ಜನರ ಹೆಸರು ಬೇಡ. ಯಾವ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಯಾರನ್ನು ಎಲ್ಲಿಗೆ ಕಳಿಸಿದೆವು, ಎಲ್ಲಿ ತಪ್ಪಿದೆವು, ಇಷ್ಟು ಸಾಕು. ಈ ವರ್ಷ ಪದವಿ ಮುಗಿಸಿದ ಹುಡುಗಿಯೊಬ್ಬಳು ನನ್ನ ಪಕ್ಕ ಕೂರಲು ಶುರುಮಾಡಿದ್ದಾಳೆ. ಮೊದಲ ದಿನವೇ ಪ್ರೊಪ್ರನಲಾಲ್ ಪುಟ ತೆಗೆದು ಅವಳ ಕೈಗೆ ಕೊಟ್ಟೆ. ಓದಿ ಮುಗಿಸಿ, ಚೀಲ ಹಿಡಿದು ಕಾಯುತ್ತಿದ್ದ ಅಜ್ಜಿಗೆ ಕುರ್ಚಿ ಎಳೆದು ಕೊಟ್ಟಳು. ‘ಕೂತ್ಕೊಳ್ಳಿ ಅಜ್ಜಿ. ಇದನ್ನ ನಿಮಗೆ ಯಾಕೆ ಕೊಟ್ಟರು, ನೆನಪಿದೆಯಾ?’