ಬಟ್ಟೆನಾ ಡೈಪರ್ರಾ? ಮೊದ್ಲು ಮನೆ ನೀರು ನೋಡಿ

ಹುಟ್ಟಿದ ಮಗೂಗೆ ಬಟ್ಟೆ ಕಟ್ಟೋದಾ, ಅಂಗಡಿ ಡೈಪರ್ ಹಾಕೋದಾ ಅನ್ನೋ ಪ್ರಶ್ನೆ ಬಂದ ತಕ್ಷಣ ಎಲ್ರೂ ಚರ್ಮ, ದುಡ್ಡು, ಪರಿಸರ ಅಂತ ಶುರು ಹಚ್ಕೊತಾರೆ, ಅದೆಲ್ಲ ಸರಿನೇ, ಆದ್ರೆ ನಮ್ಮ ಕೋಲಾರ, ಚಿಂತಾಮಣಿ, ಶ್ರೀನಿವಾಸಪುರದ ಕಡೆಯವ್ರು ಮೊದ್ಲು ನೋಡ್ಬೇಕಾಗಿರೋದು ಮನೇಗೆ ಎಷ್ಟು ದಿನಕ್ಕೊಂದ್ಸಲ ನೀರು ಬಿಡ್ತಾರೆ, ಬರೋದು ಎಂಥಾ ನೀರು ಅಂತ. ಹುಟ್ಟಿದ ಮಗು ದಿನಕ್ಕೆ ಹತ್ತು ಸಲದವರೆಗೂ ಒದ್ದೆ ಮಾಡ್ಬಹುದು, ಅಷ್ಟೂ ಒಗೆದು ಎರಡು ನೀರಲ್ಲಿ ಜಾಲಿಸ್ಬೇಕು. ಟ್ಯಾಂಕರ್ ಹಾಕಿಸ್ಕೊಂಡು ದಿನ ದೂಡೋ ಮನೇಲಿ ಇಪ್ಪತ್ನಾಕು ಗಂಟೆನೂ ಬಟ್ಟೆನೇ ಕಟ್ಟು ಅನ್ನೋದು ಬಾಣಂತಿಗೆ ಹಿಂಸೆ ಕೊಟ್ಟಂಗೆ.

ನೀರು ಸಾಕಷ್ಟಿದೆ ಅಂದ್ರೂ ನಮ್ ಬೋರ್ ನೀರಿನ ಕಥೆ ಗೊತ್ತಲ್ಲ, ಸೋಪು ಎಷ್ಟು ತಿಕ್ಕಿದ್ರೂ ನೊರೆ ಬರಲ್ಲ. ಗಡಸು ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಜಿಡ್ಡಾಗಿ ಬಟ್ಟೆ ಎಳೆಗೆ ಅಂಟ್ಕೊಳುತ್ತೆ, ಒಣಗಿದ್ಮೇಲೆ ಬಟ್ಟೆ ಹಪ್ಪಳದ ಥರ ಬಿರುಸಾಗುತ್ತೆ, ಉಚ್ಚೆನೂ ಸರಿಯಾಗಿ ಹೀರಲ್ಲ. ಅದಕ್ಕೆ ಬಾರ್ ಸೋಪ್ ಬಿಟ್ಟು ಡಿಟರ್ಜೆಂಟ್ ಪುಡಿನೋ ಲಿಕ್ವಿಡ್ಡೋ ಬಳಸಿ, ಅದೂ ಕಮ್ಮಿ. ನೆನೆಹಾಕೋ ನೀರಿಗೆ ಸ್ವಲ್ಪ ವಾಷಿಂಗ್ ಸೋಡಾ ಹಾಕಿ, ಆಮೇಲೆ ಚೆನ್ನಾಗಿ ಜಾಲಿಸಿ. ಮಳೆ ನೀರು ಹಿಡಿದಿಟ್ಟಿದ್ರೆ ಕೊನೇ ಜಾಲಿಸೋದಕ್ಕೆ ಅದೇ ಇರ್ಲಿ. ಕಕ್ಕ ಆಗಿರೋದನ್ನ ಮೊದ್ಲು ತಣ್ಣೀರಲ್ಲೇ ತೊಳೀಬೇಕು, ಆಮೇಲೆ ಬಿಸಿ ನೀರು, ಮೊದ್ಲೇ ಬಿಸಿ ನೀರಿಗೆ ಹಾಕಿದ್ರೆ ಕಲೆ ಕೂತ್ಬಿಡುತ್ತೆ. ಘಮಘಮ ಅನ್ನೋ ಫ್ಯಾಬ್ರಿಕ್ ಕಂಡೀಷನರ್ ಮಾತ್ರ ಬೇಡ, ಅದು ಬಟ್ಟೆ ಹೀರೋ ಶಕ್ತೀನೇ ಕಮ್ಮಿ ಮಾಡುತ್ತೆ.

ಯಾವ ಬಟ್ಟೆ ಅಂದ್ರೆ, ಅಜ್ಜಿ ಇಟ್ಟಿರೋ ಹಳೇ ಕಾಟನ್ ಸೀರೆ, ಹಳೇ ಪಂಚೆ, ಇವಕ್ಕಿಂತ ಒಳ್ಳೇದು ನಂಗಂತೂ ಕಂಡಿಲ್ಲ. ಮೆತ್ತಗಿರುತ್ತೆ, ನಮ್ ಬಿಸಿಲಿಗೆ ಬೇಗ ಒಣಗುತ್ತೆ. ಅಂಗಡೀಲಿ ಸಿಗೋ ಪಾಕೆಟ್ ಡೈಪರ್, ಅಂದ್ರೆ ಒಳಗೆ ಪ್ಯಾಡ್ ತೂರಿಸಿ ಕಟ್ಟಿ, ಒಗೆದು ಮತ್ತೆ ಬಳಸೋ ಬಟ್ಟೆ ಡೈಪರ್, ನೋಡೋಕೆ ಚೆಂದ, ಸೋರೋದೂ ಕಮ್ಮಿ, ಆದ್ರೆ ಒಳಗಿನ ದಪ್ಪ ಪ್ಯಾಡ್ ಒಣಗೋಕೆ ತುಂಬಾ ಹೊತ್ತು ಹಿಡಿಯುತ್ತೆ, ಸೋನೆ ಹಿಡಿದ್ರೆ ಮುಗೀತು. ಆಫರ್ ಅಂತ ಹನ್ನೆರಡರ ಸೆಟ್ ತಗೊಳೋಕೆ ಮುಂಚೆ ಎರಡೇ ಎರಡು ತಗೊಂಡು ನಿಮ್ಮನೆ ನೀರಲ್ಲಿ ಒಗೆದು ನೋಡಿ. ಕಟ್ಟೋವಾಗ ಹೊಕ್ಕುಳ ಬಳ್ಳಿ ಬೀಳೋವರ್ಗೂ ಅದರ ಕೆಳಗೇ ಕಟ್ಟಿ, ಸೊಂಟದ ಹತ್ರ ಒಂದು ಬೆರಳು ಹೋಗೋಷ್ಟು ಸಡಿಲ ಇರ್ಬೇಕು.

ಮೊದಲ ತಿಂಗಳು ಹಗಲು ಹೊತ್ತು ಬಟ್ಟೆನೇ ಇರ್ಲಿ, ಅದಕ್ಕೊಂದು ಕಾರಣ ಇದೆ. ಎದೆಹಾಲು ಸಾಲ್ತಿದ್ಯಾ ಇಲ್ವಾ ಅನ್ನೋ ಗಾಬರಿ ಎಲ್ಲಾ ಹೊಸ ತಾಯಂದಿರಿಗೂ ಇರುತ್ತೆ, ಐದು ದಿನ ಆದ್ಮೇಲೆ ದಿನಕ್ಕೆ ಆರು ಸಲಕ್ಕೆ ಕಮ್ಮಿ ಇಲ್ದಂಗೆ ಉಚ್ಚೆ ಮಾಡ್ತಿದ್ರೆ ಸಾಮಾನ್ಯವಾಗಿ ಹಾಲು ಸಾಲ್ತಿದೆ ಅಂತ ಲೆಕ್ಕ. ಬಟ್ಟೇಲಿ ಎಣಿಸೋದು ಸುಲಭ, ಡೈಪರಲ್ಲಿರೋ ಜೆಲ್ ಎಲ್ಲಾ ಕುಡ್ಕೊಂಡು ಒಣಗಿದಂಗೇ ಕಾಣುತ್ತೆ.

ರಾತ್ರಿಗೆ, ಲಸಿಕೆ ಹಾಕಿಸೋಕೆ ಹೋಗೋ ದಿನಕ್ಕೆ, ಬೆಂಗಳೂರಿಗೆ ಬಸ್ಸಲ್ಲಿ ಹೋಗೋದಕ್ಕೆ ಡೈಪರ್ ಹಾಕಿ, ಅದರಲ್ಲಿ ತಪ್ಪೇನಿಲ್ಲ, ಅತ್ತೆ ಏನಂದ್ರೂ ಸರಿ. ತಾಯಿ ಎರಡು ಗಂಟೆ ಜಾಸ್ತಿ ಮಲಗಿದ್ರೆ ಅದೂ ಮಗೂಗೇ ಒಳ್ಳೇದಲ್ವಾ. ದುಡ್ಡಿನ ಲೆಕ್ಕ ನೀವೇ ಹಾಕಿ: ಒಂದಕ್ಕೆ ಹತ್ತು ರೂಪಾಯಿ ಅಂತಿಟ್ಕೊಳಿ, ದಿನಕ್ಕೆ ಎಂಟಾದ್ರೆ ತಿಂಗಳಿಗೆ 2400, ಹೊರಗೆ ಹೋಗೋವಾಗ್ಲೂ ರಾತ್ರಿನೂ ಸೇರಿ ದಿನಕ್ಕೆ ಎರಡೇ ಅಂದ್ರೆ 600.

ಕೆಂಪಾಗೋದು, ಗುಳ್ಳೆ ಏಳೋದು ಡೈಪರಿಂದ ಮಾತ್ರ ಅಂತ ಅನ್ಕೋಬೇಡಿ, ಒದ್ದೆ ಬಟ್ಟೇಲಿ ಬಿಟ್ರೂ ಆಗುತ್ತೆ. ಕಕ್ಕ ಮಾಡಿದ ತಕ್ಷಣ ಬದಲಾಯಿಸಿ, ಹೆಣ್ಮಗು ಆದ್ರೆ ಮುಂದಿಂದ ಹಿಂದಕ್ಕೆ ಒರೆಸಿ, ದಿನಾ ಸ್ವಲ್ಪ ಹೊತ್ತು ಏನೂ ಹಾಕ್ದೇ ಗಾಳಿ ಆಡೋಕೆ ಬಿಡಿ. ಪೌಡರ್ ಹಾಕ್ಬೇಡಿ, ಆ ಪುಡಿ ಮಗು ಉಸಿರಲ್ಲಿ ಒಳಗೆ ಹೋಗುತ್ತೆ. ತೊಡೆ ಸಂದಿ ಕಡುಕೆಂಪಾಗಿ ಸುತ್ತ ಚುಕ್ಕೆ ಚುಕ್ಕೆ ಎದ್ದಿದ್ರೆ ಅದು ಫಂಗಸ್ ಇರ್ಬಹುದು, ಮನೆಮದ್ದು ಮಾಡ್ತಾ ಕೂರ್ದೇ ಮಕ್ಕಳ ಡಾಕ್ಟ್ರಿಗೆ ತೋರ್ಸಿ.

ಇನ್ನು ಹಾಕಿದ ಡೈಪರ್ ಎಸೆಯೋ ವಿಷ್ಯ, ಇದ್ರಲ್ಲಿ ನಮ್ಮವ್ರು ಮಹಾ ಸೋಮಾರಿಗಳು. ರಾಜಕಾಲುವೆಗೆ, ಕೆರೆ ಏರಿ ಪಕ್ಕಕ್ಕೆ ಬಿಸಾಕೋದು, ಇಲ್ಲಾ ಹಿತ್ತಲಲ್ಲಿ ಬೆಂಕಿ ಹಾಕೋದು, ಎರಡೂ ಬೇಡ, ಅದು ಪ್ಲಾಸ್ಟಿಕ್ಕು. ಕಕ್ಕನ ಟಾಯ್ಲೆಟ್ಟಿಗೆ ಹಾಕಿ, ಡೈಪರ್ ಮಡಚಿ ಪೇಪರಲ್ಲಿ ಬಿಗಿಯಾಗಿ ಸುತ್ತಿ, ಮೇಲೆ ಪೆನ್ನಲ್ಲಿ ಒಂದು ಗುರುತು ಹಾಕಿ ಕಸದ ಗಾಡಿಗೆ ಬೇರೇನೇ ಕೊಡಿ, ಹಸಿ ಕಸದ ಜೊತೆ ಬೆರೆಸ್ಬೇಡಿ, ಪೌರಕಾರ್ಮಿಕರು ಅದನ್ನ ಬರೀ ಕೈಯಲ್ಲಿ ಬಿಚ್ಚಿ ಬೇರೆ ಮಾಡೋ ಹಂಗಾಗ್ಬಾರ್ದು.