ಹಳೆ ಫೋನ್ ಕೊಳ್ಳುವ ಮುಂಚೆ 000 ನೋಡಿ: ಆಸ್ಟ್ರೇಲಿಯಾಕ್ಕೆ ಹೊಸದಾಗಿ ಬಂದವರಿಗೆ

ಕಳೆದ ವರ್ಷ ಅಮ್ಮ ಹಾಸನದಿಂದ ಮೆಲ್ಬರ್ನ್‌ಗೆ ಬಂದರು, ಮೂರು ತಿಂಗಳು ನಮ್ಮ ಜೊತೆ ಇರಲು. ಕೈಯಲ್ಲಿ ಇದ್ದದ್ದು ಊರಲ್ಲಿ ನಾನೇ ಕೊಡಿಸಿದ್ದ ಫೋನ್. ಬಂದ ದಿನವೇ ಇಲ್ಲಿನ ಸಿಮ್ ಹಾಕಿದೆವು. ಮೊದಲು ಎಲ್ಲ ಸರಿ ಇತ್ತು. ಅಕ್ಕನ ಜೊತೆ ವಾಟ್ಸಾಪ್‌ನಲ್ಲಿ ಮಾತಾಡಿದರು, ಆಫೀಸಿನಲ್ಲಿದ್ದ ನನಗೆ ಕಾಲ್ ಕೂಡ ಮಾಡಿದರು. ಆಮೇಲೆ ಒಂದು ಮೆಸೇಜ್ ಬಂತು. ಈ ಫೋನಿನಿಂದ ತುರ್ತು ಕರೆ ಹೋಗುವುದಿಲ್ಲ, ಇದನ್ನು ನೆಟ್‌ವರ್ಕಿನಿಂದ ತೆಗೆಯುತ್ತೇವೆ ಎಂದು. ಸ್ವಲ್ಪ ದಿನಕ್ಕೆ ಸಿಗ್ನಲ್ ಪೂರ್ತಿ ಹೋಯಿತು. "ಕೆಟ್ಟೋಯ್ತೇನೋ ಮಗ?" ಎಂದು ಅಮ್ಮ ಗಾಬರಿಯಾದರು. ಫೋನ್ ಕೆಟ್ಟಿರಲಿಲ್ಲ. ಈ ದೇಶಕ್ಕೆ ಆಗುತ್ತಿರಲಿಲ್ಲ, ಅಷ್ಟೆ.

ಆ ವಾರವೆಲ್ಲ ಅವರಿಗೊಂದು ಸೆಕೆಂಡ್ ಹ್ಯಾಂಡ್ ಫೋನ್ ಹುಡುಕಿದೆ. ಅದಾದ ಮೇಲೆ ಹೊಸದಾಗಿ ಬಂದ ನಮ್ಮವರು ಎಷ್ಟೋ ಜನ ಹಳೆ ಫೋನ್ ಕೊಳ್ಳುವಾಗ ಏನು ನೋಡಬೇಕು ಎಂದು ಕೇಳಿದ್ದಾರೆ. ಓದಲು ಬಂದ ಹುಡುಗರಿಗೆ, ಈಗಷ್ಟೇ ಕೆಲಸ ಹುಡುಕುತ್ತಿರುವವರಿಗೆ ಹೊಸ ಫೋನಿಗೆ ಸಾವಿರ ಡಾಲರ್ ಕೊಡುವುದು ಕಷ್ಟ. ಹಳೆಯದು ಕೊಳ್ಳುವುದೇ ಸರಿ. ಆದರೆ ನೋಡಿ ಕೊಳ್ಳಬೇಕು.

ಮೊದಲು ಈ 000 ವಿಷಯ ಅರ್ಥ ಮಾಡಿಕೊಳ್ಳಿ. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ, ಮೂರಕ್ಕೂ ಇಲ್ಲಿ ಇದೇ ನಂಬರ್. ನಮ್ಮ ಊರಿನ 112 ಇದ್ದ ಹಾಗೆ. ಕೆಲವು ಫೋನಿನಿಂದ ಈ ಕರೆ ಯಾಕೆ ಹೋಗುವುದಿಲ್ಲ ಎಂದರೆ, 4ಜಿ ಮೊದಲು ಬಂದಾಗ ಅದು ಇಂಟರ್ನೆಟ್‌ಗೆ ಮಾತ್ರ ಇತ್ತು. ಕಾಲ್ ಮಾಡುವಾಗ ಫೋನ್ 3ಜಿಗೋ 2ಜಿಗೋ ಇಳಿಯುತ್ತಿತ್ತು. 4ಜಿಯಲ್ಲೇ ಕಾಲ್ ಹೋಗುವ ವ್ಯವಸ್ಥೆ ಆಮೇಲೆ ಬಂತು, ಅದಕ್ಕೆ ವೋಲ್ಟಿ ಅಂತ ಹೆಸರು. ಆಸ್ಟ್ರೇಲಿಯಾದಲ್ಲಿ ಮೂರು ದೊಡ್ಡ ನೆಟ್‌ವರ್ಕ್‌ಗಳಿವೆ: ಟೆಲ್‌ಸ್ಟ್ರಾ, ಆಪ್ಟಸ್, ವೊಡಾಫೋನ್. 2018ರ ಹೊತ್ತಿಗೆ ಮೂರೂ ಕಡೆ 2ಜಿ ಮುಚ್ಚಿತ್ತು. ವೊಡಾಫೋನ್ 2023ರ ಡಿಸೆಂಬರ್‌ನಿಂದ 3ಜಿ ನಿಲ್ಲಿಸುತ್ತಾ ಬಂತು. ಟೆಲ್‌ಸ್ಟ್ರಾ ಮತ್ತು ಆಪ್ಟಸ್ 2024ರ ಅಕ್ಟೋಬರ್ 28ರಿಂದ ನಿಲ್ಲಿಸಿದವು. ಈಗ ಇಳಿಯಲು ಕೆಳಗೆ ಮೆಟ್ಟಿಲೇ ಇಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಇದರಲ್ಲೇ ಎಲ್ಲರೂ ಎಡವುವುದು. ಕೆಲವು ಫೋನ್‌ಗಳು ಮಾಮೂಲಿ ಕಾಲ್ ಅನ್ನು 4ಜಿಯಲ್ಲಿ ಮಾಡುತ್ತವೆ. ತುರ್ತು ಕರೆ ಬಂದರೆ ಮಾತ್ರ 3ಜಿ ಹುಡುಕುತ್ತವೆ. ತಯಾರಾದಾಗ ಅವುಗಳ ಸಾಫ್ಟ್‌ವೇರ್ ಹಾಗೆ ಬರೆದಿದ್ದಾರೆ. ದಿನಾ ನಿಮಗೇನೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಯಾರಿಗೋ ಎದೆನೋವು ಬಂದ ದಿನ ಗೊತ್ತಾಗುತ್ತದೆ. ಅದಕ್ಕೇ ಸರ್ಕಾರ ನಿಯಮ ಮಾಡಿತು: 4ಜಿಯಲ್ಲಿ 000 ಕರೆ ಮಾಡಲಾಗದ ಫೋನ್‌ಗಳನ್ನು ಕಂಪನಿಗಳು ಹುಡುಕಿ ತಮ್ಮ ನೆಟ್‌ವರ್ಕಿನಿಂದ ತೆಗೆಯಲೇಬೇಕು. ತೆಗೆದ ಮೇಲೆ ಕಾಲ್ ಇಲ್ಲ, ಡೇಟಾ ಇಲ್ಲ. ಮನೆಯ ವೈಫೈ ಮಾತ್ರ. ಅಮ್ಮನ ಫೋನಿಗೆ ಆದದ್ದು ಇದೇ. ಆಗ ನನಗೆ ಸಿಟ್ಟು ಬಂದಿತ್ತು. ಈಗ ಈ ನಿಯಮ ಬೇಕು ಅಂತಲೇ ನನ್ನ ಅಭಿಪ್ರಾಯ.

"ಆದರೆ ನನ್ನ ಫೋನ್ ಜಿಯೋದಲ್ಲಿ ಓಡುತ್ತಿತ್ತಲ್ಲ, ಅದು ಪೂರ್ತಿ ವೋಲ್ಟಿ ಅಲ್ವಾ?" ಎಂದು ಹುಡುಗರು ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಜಿಯೋ 2016ರಲ್ಲಿ ಶುರುವಾದಾಗಲೇ 4ಜಿ ಮಾತ್ರ ಇಟ್ಟುಕೊಂಡಿತ್ತು, ಕಾಲ್ ಎಲ್ಲ ವೋಲ್ಟಿಯೇ. ಆದರೆ ವೋಲ್ಟಿ ಒಂದೊಂದು ಕಂಪನಿಗೆ ಒಂದೊಂದು ಥರ ಹೊಂದಿಸಿರುತ್ತದೆ. ಭಾರತಕ್ಕೆಂದು ತಯಾರಾದ ಮಾಡೆಲ್‌ನಲ್ಲಿ ಜಿಯೋ, ಏರ್‌ಟೆಲ್ ಸೆಟ್ಟಿಂಗ್ ಇರುತ್ತದೆ, ಇಲ್ಲಿನದು ಇಲ್ಲದೆ ಇರಬಹುದು. ಒಂದೇ ಹೆಸರಿನ ಫೋನ್ ಇಲ್ಲಿ ಕೊಂಡರೆ ಓಡುತ್ತದೆ, ಬೆಂಗಳೂರಲ್ಲಿ ಕೊಂಡದ್ದು ಓಡದೆ ಇರಬಹುದು. ಹಾಗಾಗಿ ಪೆಟ್ಟಿಗೆ ಮೇಲಿನ ಹೆಸರಲ್ಲ, ಮಾಡೆಲ್ ನಂಬರ್ ನೋಡಿ.

ಮಾರುವವರು "ಅನ್‌ಲಾಕ್ಡ್" ಎಂದು ಬರೆದಿರುತ್ತಾರೆ. ಆ ಮಾತಿಗೆ ಅರ್ಥ ಒಂದೇ: ಯಾವ ಕಂಪನಿಯ ಸಿಮ್ ಹಾಕಿದರೂ ಫೋನ್ ಬೇಡ ಅನ್ನುವುದಿಲ್ಲ. 000 ಹೋಗುತ್ತದೆ ಅಂತ ಅಲ್ಲ. ಕಳ್ಳಮಾಲು ಅಲ್ಲ ಅಂತಲೂ ಅಲ್ಲ. ಹಳೆ ಮಾಲೀಕರ ಅಕೌಂಟ್ ತೆಗೆದಿದ್ದಾರೆ ಅಂತಲೂ ಅಲ್ಲ. ಇವೆಲ್ಲ ಬೇರೆ ಬೇರೆ, ಒಂದೊಂದನ್ನೂ ನೀವೇ ನೋಡಬೇಕು.

ನಾನು ಮಾಡುವುದು ಹೀಗೆ. ಜಾಹೀರಾತು ಇಷ್ಟವಾದರೆ ಮೊದಲು ಐಎಂಇಐ ನಂಬರ್ ಕೇಳುತ್ತೇನೆ. ಡಯಲ್ ಮಾಡುವ ಕಡೆ *#06# ಒತ್ತಿದರೆ ಬರುವ 15 ಅಂಕಿಯ ನಂಬರ್ ಅದು. ಎರಡು ಸಿಮ್ ಫೋನ್ ಆದರೆ ಎರಡು ಇರುತ್ತವೆ. ಕೊಡಲು ಒಪ್ಪದವರ ಹತ್ತಿರ ಕೊಳ್ಳುವುದಿಲ್ಲ. ಆ ನಂಬರನ್ನು ಎರಡು ಕಡೆ ಹಾಕುತ್ತೇನೆ. ಒಂದು, ಇಲ್ಲಿನ ಮೊಬೈಲ್ ಉದ್ಯಮದ ಸಂಘ ಆಮ್ಟಾದ ವೆಬ್‌ಸೈಟ್. ಕಳುವಾಗಿದೆ ಅಂತ ದೂರು ಹೋಗಿ ಬ್ಲಾಕ್ ಆಗಿದ್ದರೆ ಅಲ್ಲಿ ಉಚಿತವಾಗಿ ಗೊತ್ತಾಗುತ್ತದೆ. ಹಾಗೆ ಬ್ಲಾಕ್ ಆದದ್ದು ಮೂರೂ ನೆಟ್‌ವರ್ಕಿನಲ್ಲಿ ಓಡುವುದಿಲ್ಲ. ಇನ್ನೊಂದು, ನಾನು ಬಳಸುವ ಕಂಪನಿಯದೇ ಫೋನ್ ಪರೀಕ್ಷಿಸುವ ಪುಟ.

ಫೋನ್ ನೋಡಲು ಹೋಗುವಾಗ ಓಡುತ್ತಿರುವ ನಿಮ್ಮ ಸಿಮ್ ತೆಗೆದುಕೊಂಡು ಹೋಗಿ. ಸಿಮ್ ಹೊರತೆಗೆಯಲು ಚುಚ್ಚುವ ಪಿನ್ನೂ ಜೊತೆಗಿರಲಿ. ಮಾರುವವರು ಬಳಸುತ್ತಿರುವ ಕಂಪನಿಯದಲ್ಲದ ಬೇರೆ ಸಿಮ್ ಆದರೆ ಇನ್ನೂ ಒಳ್ಳೆಯದು, ಲಾಕ್ ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಐಫೋನಿನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ. ಕ್ಯಾರಿಯರ್ ಲಾಕ್ ಎದುರು "ನೋ ಸಿಮ್ ರಿಸ್ಟ್ರಿಕ್ಷನ್ಸ್" ಎಂದಿರಬೇಕು. ಟೆಲ್‌ಸ್ಟ್ರಾ ಅಥವಾ ಆಪ್ಟಸ್ ಸಿಮ್ ಆದರೆ 3498ಕ್ಕೆ ಸುಮ್ನೆ 3 ಎಂದು ಮೆಸೇಜ್ ಕಳಿಸಿ. 3ಜಿ ಮುಚ್ಚುವಾಗ ಶುರು ಮಾಡಿದ ಸೌಲಭ್ಯ ಇದು. ಆ ಫೋನ್ ನಡೆಯುತ್ತದೋ ಇಲ್ಲವೋ ಎಂದು ಉತ್ತರ ಬರುತ್ತದೆ. ದಯವಿಟ್ಟು ಪರೀಕ್ಷೆಗೆಂದು 000 ಒತ್ತಬೇಡಿ. ನಿಜವಾಗಿ ಕಷ್ಟದಲ್ಲಿರುವವರ ಕರೆ ಕಾಯುವಂತಾಗುತ್ತದೆ.

ಹಳೆ ಸ್ಯಾಮ್‌ಸಂಗ್ ಕೊಳ್ಳುವವರಿಗೆ ಒಂದು ಮಾತು. ಫೋನ್ ತುರ್ತು ಕರೆ ಮಾಡುವಾಗ ತನ್ನ ನೆಟ್‌ವರ್ಕ್ ಸಿಗದಿದ್ದರೆ ಬೇರೆ ಕಂಪನಿಯ ನೆಟ್‌ವರ್ಕ್ ಹಿಡಿಯಬೇಕು. 2025ರ ಅಕ್ಟೋಬರ್‌ನಲ್ಲಿ ಹೊರಬಂದ ಸಂಗತಿ ಏನೆಂದರೆ, ವೊಡಾಫೋನ್ ನೆಟ್‌ವರ್ಕ್ ಒಂದೇ ಉಳಿದಿರುವ ಜಾಗದಲ್ಲಿ ಕೆಲವು ಹಳೆ ಗ್ಯಾಲಕ್ಸಿಗಳಿಂದ 000 ಹೋಗುವುದಿಲ್ಲ. ಹೆಚ್ಚಿನವು ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಸರಿಹೋಗುತ್ತವೆ. ಎಸ್6, ಎಸ್7, ನೋಟ್ 5ರಂಥವನ್ನು ಬದಲಾಯಿಸಲೇಬೇಕು. ಅವನ್ನು ಯಾರಾದರೂ ಐವತ್ತು ಡಾಲರ್‌ಗೆ ಕೊಟ್ಟರೂ ಬೇಡ ಅನ್ನಿ. ಬೇರೆ ಹಳೆ ಗ್ಯಾಲಕ್ಸಿ ಕೊಂಡರೆ ಮನೆಗೆ ಬಂದ ಕೂಡಲೇ ಅಪ್‌ಡೇಟ್ ಮಾಡಿ. ಐಫೋನ್ 5ಎಸ್ ಮತ್ತು ಅದಕ್ಕಿಂತ ಹಳೆಯದರಲ್ಲಿ ವೋಲ್ಟಿಯೇ ಇಲ್ಲ.

ಇನ್ನು ಬ್ಯಾಂಡ್. ಸಿಗ್ನಲ್ ಬೇರೆ ಬೇರೆ ತರಂಗಗಳಲ್ಲಿ ಬರುತ್ತದೆ, ಒಂದೊಂದಕ್ಕೆ ಒಂದೊಂದು ನಂಬರ್. ಬ್ಯಾಂಡ್ 3 ಭಾರತದಲ್ಲೂ ಇದೆ, ಇಲ್ಲೂ ಇದೆ. ಅದಕ್ಕೇ ಊರಿನ ಫೋನ್ ಮೆಲ್ಬರ್ನಿನ ಬಡಾವಣೆಗಳಾದ ಟಾರ್ನೀಟ್‌ನಲ್ಲೋ ಪಾಯಿಂಟ್ ಕುಕ್‌ನಲ್ಲೋ ಚೆನ್ನಾಗಿ ಓಡುತ್ತದೆ. ಟೆಲ್‌ಸ್ಟ್ರಾ ಮತ್ತು ಆಪ್ಟಸ್ ದೂರದ ಊರುಗಳಿಗೆ 4ಜಿ ತಲುಪಿಸಲು ಹೆಚ್ಚಾಗಿ ನೆಚ್ಚಿರುವುದು ಬ್ಯಾಂಡ್ 28, ಅಂದರೆ 700 ಮೆಗಾಹರ್ಟ್ಸ್. ಭಾರತದ ಎಷ್ಟೋ 4ಜಿ ಫೋನ್‌ಗಳಲ್ಲಿ ಅದಿಲ್ಲ. ಲಾಂಗ್ ವೀಕೆಂಡ್‌ಗೆ ಗ್ರಾಂಪಿಯನ್ಸ್ ಬೆಟ್ಟಕ್ಕೋ ಗ್ರೇಟ್ ಓಶನ್ ರೋಡಿಗೋ ಹೊರಟಾಗ ಇದರ ಬೆಲೆ ಗೊತ್ತಾಗುತ್ತದೆ. ಮಾಡೆಲ್ ನಂಬರ್ ಹಾಕಿ ಹುಡುಕಿ, 4ಜಿ ಪಟ್ಟಿಯಲ್ಲಿ 28 ಇದೆಯಾ ನೋಡಿ.

ಕಂಪನಿಗಳ ಹೆಸರು ಜಾಸ್ತಿ ಕಂಡರೂ ಕೆಳಗಿರುವುದು ಈ ಮೂರೇ. ಬೂಸ್ಟ್, ಆಲ್ಡಿ ಮೊಬೈಲ್ ಓಡುವುದು ಟೆಲ್‌ಸ್ಟ್ರಾ ಮೇಲೆ. ಅಮೇಸಿಮ್ ಆಪ್ಟಸ್ ಮೇಲೆ. ಲೆಬಾರಾ ವೊಡಾಫೋನ್ ಮೇಲೆ. ಫೋನ್ ಪರೀಕ್ಷಿಸುವಾಗ ಕೆಳಗಿನ ನೆಟ್‌ವರ್ಕ್ ಯಾವುದು ಎಂದು ತಿಳಿದುಕೊಂಡು ನೋಡಿ.

ಹಣ ಕೊಡುವ ಮುಂಚೆ ಇನ್ನೊಂದು ಕೆಲಸ. ಮಾರುವವರು ನಿಮ್ಮ ಎದುರಿಗೇ ತಮ್ಮ ಆಪಲ್ ಅಥವಾ ಗೂಗಲ್ ಅಕೌಂಟ್‌ನಿಂದ ಹೊರಬಂದು, ಫೋನ್ ರೀಸೆಟ್ ಮಾಡಲಿ. "ಮನೆಗೆ ಹೋಗಿ ಮಾಡ್ಕೊಳ್ಳಿ" ಅಂದರೆ ಒಪ್ಪಬೇಡಿ. ನಮ್ಮ ಪರಿಚಯದ ಹುಡುಗಿಯೊಬ್ಬಳು ಹಾಗೆ ನಂಬಿ ತಂದಳು. ಮೊದಲ ಪರದೆಯಲ್ಲೇ ಹಳೆ ಮಾಲೀಕರ ಪಾಸ್‌ವರ್ಡ್ ಕೇಳಿತು, ಅವರು ಮತ್ತೆ ಫೋನ್ ಎತ್ತಲಿಲ್ಲ. ಪೇಐಡಿಯಲ್ಲಿ (ಇಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ತಕ್ಷಣ ಹಣ ಕಳಿಸುವ ವ್ಯವಸ್ಥೆ) ಮುಂಗಡ ಕಳಿಸಿ ಅನ್ನುವವರಿಗೂ ಬೇಡ ಅನ್ನಿ.

ಗೊತ್ತಿಲ್ಲದವರಿಂದ ಕೊಂಡರೆ ಅಗ್ಗ, ನಿಜ. ಆದರೂ ಮೊದಲ ಫೋನನ್ನು ರಿಪೇರಿ ಮಾಡಿ ಮಾರುವ ಅಂಗಡಿಯಿಂದಲೇ ಕೊಳ್ಳಿ ಎಂದು ನಾನು ಹೇಳುತ್ತೇನೆ. ಇಲ್ಲಿನ ಗ್ರಾಹಕ ಕಾನೂನು ಅಂಗಡಿಯವರು ಮಾರುವ ಹಳೆ ವಸ್ತುವಿಗೂ ಅನ್ವಯಿಸುತ್ತದೆ. ಫೋನ್ ಸರಿಯಿಲ್ಲದಿದ್ದರೆ ಕೇಳುವ ಹಕ್ಕು ನಿಮಗಿದೆ. ಮನೆಯಿಂದ ಮಾರುವವರ ಹತ್ತಿರ ಕೊಂಡರೆ ನಿಮಗೆ ಆ ಬಲ ಇಲ್ಲ. ತೀರ ಹಳೆಯದೂ ಬೇಡ. 2025ರಲ್ಲಿ ಬಂದ ಐಫೋನ್ ಸಾಫ್ಟ್‌ವೇರ್ ಐಓಎಸ್ 26 ಐಫೋನ್ 11ರಿಂದ ಮುಂದಿನವಕ್ಕೆ ಮಾತ್ರ. ಎಕ್ಸ್‌ಆರ್, ಎಕ್ಸ್‌ಎಸ್ ಹೊರಗುಳಿದವು. ಹಳೆ ಸಾಫ್ಟ್‌ವೇರಿನ ಮೇಲೆ ಬ್ಯಾಂಕ್ ಆಪ್‌ಗಳು ಒಂದಲ್ಲ ಒಂದು ದಿನ ನಿಲ್ಲುತ್ತವೆ.

ಊರಿನ ಬ್ಯಾಂಕಿನ ಒಟಿಪಿ ಬರಬೇಕಲ್ಲ, ಅದಕ್ಕೆ ಎರಡು ನಂಬರ್ ಇಡಬಲ್ಲ ಫೋನ್ ನೋಡಿ. ಅಮೆರಿಕದಲ್ಲಿ ಮಾರಿದ ಐಫೋನ್ 14 ಮತ್ತು ನಂತರದವಕ್ಕೆ ಸಿಮ್ ಹಾಕುವ ಜಾಗವೇ ಇಲ್ಲ, ಫೋನಿನೊಳಗೇ ಇರುವ ಇ-ಸಿಮ್ ಮಾತ್ರ. ಅಂಥದ್ದು ಕೊಳ್ಳುವುದಾದರೆ ಊರಿನ ನಂಬರನ್ನು ಇ-ಸಿಮ್‌ಗೆ ಬದಲಾಯಿಸಲು ಆಗುತ್ತದಾ ಎಂದು ಮುಂಚೆಯೇ ವಿಚಾರಿಸಿ. ಭಾರತದಲ್ಲಿರುವಾಗಲೇ ಮಾಡಿಸಿಕೊಂಡು ಬಂದರೆ ಓಡಾಟ ತಪ್ಪುತ್ತದೆ.

ಅಮ್ಮನಿಗೆ ಕೊನೆಗೆ ಇಲ್ಲೇ ಮಾರಾಟವಾಗಿದ್ದ ಐಫೋನ್ 11 ಸಿಕ್ಕಿತು, ಅಂಗಡಿಯಿಂದ, ಬಿಲ್ ಸಮೇತ. ಊರಿಗೆ ಹೋಗುವಾಗ ಅದನ್ನೇ ತೆಗೆದುಕೊಂಡು ಹೋದರು, ಅಲ್ಲಿ ಅವರ ಸಿಮ್ ಹಾಕಿದ ಕೂಡಲೇ ಓಡಿತು. ಅವರ ಹಳೆ ಫೋನ್ ನಮ್ಮ ಮನೆಯಲ್ಲೇ ಉಳಿದಿದೆ, ವೈಫೈನಲ್ಲಿ ಮಗಳು ಹಾಡು ಕೇಳುತ್ತಾಳೆ. ಅದರ ಹಿಂದೆ ಒಂದು ಚೀಟಿ ಅಂಟಿಸಿದ್ದೇನೆ: ಇದರಿಂದ 000 ಹೋಗುವುದಿಲ್ಲ, ಅಪ್ಪನ ಫೋನ್ ತಗೋ.